ಹೊದಿಕೆ ತಾಗದ ಕಾಲು

ಜಯಲತಾ ಬಿಳಿ ಬಟ್ಟೆಯನ್ನು ಗಂಡನ ಕಾಲಿನಿಂದ ಮತ್ತೆ ಸರಿಸಿದಳು. ಮೊಣಕಾಲಿನ ತನಕ ಮಡಚಿ, ಅಂಚನ್ನು ಒಳಗೆ ಸೇರಿಸಿ, ಅಲ್ಲೇ ಬದಿಗೆ ಕೂತಳು. ಅವನು ಕೆಲಸ ಮಾಡುತ್ತಿದ್ದ ಹೋಟೆಲಿನಿಂದ ಬಂದ ಯಾರೋ ಹಾರ ಹಿಡಿದು ಕಾಲಿನ ಕಡೆ ಬಗ್ಗಿದರು.

"ಕಾಲಿಗೆ ಬೇಡ. ಎದೆಯ ಮೇಲೆ ಇಡಿ."

ಅವರು ಗಲಿಬಿಲಿಗೊಂಡು ಹಾರವನ್ನು ಎದೆಯ ಮೇಲಿಟ್ಟು ಗೋಡೆ ಬದಿಗೆ ಸರಿದು ನಿಂತರು.

ಡೊಂಬಿವಲಿಯ ಆ ಮೂರನೆಯ ಮಹಡಿಯ ಮನೆಯಲ್ಲಿ ಜನ ಕೂರುವಷ್ಟು ಜಾಗವಿರಲಿಲ್ಲ. ಹಾಲ್‌ನಲ್ಲಿ ಚಾಪೆಯ ಮೇಲೆ ಶಂಭು ಮಲಗಿದ್ದ. ಬೆಳಿಗ್ಗೆ ಚಹಾ ಇಟ್ಟು ಕರೆದಾಗ ಅವನು ಎದ್ದಿರಲಿಲ್ಲ. ಡಾಕ್ಟರು ಬಂದು, ನಿದ್ದೆಯಲ್ಲೇ ಹೃದಯ ನಿಂತಿದೆ ಎಂದು ಬರೆದುಕೊಟ್ಟು ಹೋಗಿದ್ದರು. ಸ್ನಾನ ಮಾಡಿಸುವಾಗ ಗಂಡಸರು ಹೆಗಲು, ಮೊಣಕಾಲು ಹಿಡಿದಿದ್ದರು. ಪಾದಕ್ಕೆ ಮಾತ್ರ ಜಯಲತಾಳೇ ನೀರು ಹೊಯ್ದಿದ್ದಳು, ಉಗುರುಬೆಚ್ಚಗಿನ ನೀರು, ಕೈ ತಾಗಿಸದೆ. ಇನ್ನು ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟುವುದೊಂದು ಉಳಿದಿತ್ತು. ಅದಕ್ಕೆ ಅವಳು ಬಿಡುತ್ತಿರಲಿಲ್ಲ.

ಶಂಭುವಿನ ತಮ್ಮ ಗುರುನಾಥ ಪಂಚೆಯ ಅಂಚಿನಿಂದ ಹರಿದ ಬಟ್ಟೆಯ ಎಳೆಯನ್ನು ಹಿಡಿದು ನಿಂತೇ ಇದ್ದ. ಠಾಣೆ ನಗರದ ಘೋಡಬಂದರ್ ರಸ್ತೆಯಿಂದ ಬಂದವನು ಇನ್ನೂ ಒಂದು ಲೋಟ ನೀರು ಸಹ ಕುಡಿದಿರಲಿಲ್ಲ.

"ಅತ್ತಿಗೆ, ಎಷ್ಟು ಹೊತ್ತು ಕಾಯುದು? ಕಾಲು ಸೆಟೆದ ಮೇಲೆ ಜೋಡಿಸ್ಲಿಕ್ಕೆ ಆಗುದಿಲ್ಲ. ಗಾಡಿ ಬರ್ಲಿಕ್ಕಾಯ್ತು."

"ಕಟ್ಟದಿದ್ರೆ ಎಂಥ ಆಗ್ತದೆ?"

"ಎಂಥ ಆಗ್ತದೆ ಅಂತ ಕೇಳುದಾ? ಕಟ್ಟುದು ಕ್ರಮ."

"ಅವರಿಗೆ ನೋವಾಗ್ತದೆ."

ಗೋಡೆ ಬದಿಗೆ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗ ಅಕ್ಷಿತ್ ಫೋನನ್ನು ಜೇಬಿಗೆ ಹಾಕಿ ತಾಯಿಯ ಬಳಿ ಕುಕ್ಕರುಗಾಲಲ್ಲಿ ಕೂತ.

"ಅಮ್ಮಾ, ಅಬ್ ಪಪ್ಪಾ ಕೋ ಕುಛ್ ನಹೀ ಹೋಗಾ."

"ಇನ್ನು ಅವರಿಗೆ ಏನೂ ಆಗುದಿಲ್ಲ ಅಂತ ಗೊತ್ತುಂಟು ನಂಗೆ," ಎಂದಳು ಜಯಲತಾ. ಅವನು ಕೂತಾಗ ಜಾರಿದ ಬಟ್ಟೆಯನ್ನು ಮತ್ತೆ ಕಾಲಿನಿಂದ ಮೇಲಕ್ಕೆತ್ತಿದಳು.

*

ಮೊದಲು ಅದು ನೋವಾಗಿರಲಿಲ್ಲ, ಪಾದಕ್ಕೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಒಂದು ಸಂಜೆ ಶಂಭು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಿದ್ದ. ಇನ್ನೊಂದು ಸ್ಟೇಷನ್ನಿನ ಸೇತುವೆಯ ಗದ್ದಲದಲ್ಲಿ ಎಲ್ಲೋ ಕಳಚಿಕೊಂಡಿತ್ತು. ಅವಳು ಕೇಳಿದ ಮೇಲೆಯೇ ಅವನು ಬಗ್ಗಿ ನೋಡಿದ್ದು. ಇಬ್ಬರೂ ನಕ್ಕಿದ್ದರು. ಸಕ್ಕರೆ ಕಾಯಿಲೆ ಹಳೆಯದು, ಮನೆಯಲ್ಲಿ ಅದರ ಭಯ ಹೋಗಿಯಾಗಿತ್ತು.

ಆಮೇಲೆ ಉರಿ ಶುರುವಾಯಿತು. ಅವನು ಠಾಣೆಯ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವನು. "ದೋಸೆ ಕಾವಲಿಯ ಮೇಲೆ ನಿಲ್ಲಿಸಿದ ಹಾಗೆ ಆಗ್ತದೆ ಮಾರಾಯ್ತಿ," ಎಂದ. ಹೊದಿಕೆಯ ಅಂಚು ಬೆರಳಿಗೆ ತಾಗಿದರೆ ಹಲ್ಲು ಕಚ್ಚಿಕೊಂಡು ಎದ್ದು ಕೂರುತ್ತಿದ್ದ. ಜಯಲತಾ ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲನ್ನು ತೊಳೆದು ಮಂಚದ ಕೊನೆಗಿಟ್ಟು ಅದರ ಮೇಲೆ ಹೊದಿಕೆ ಹರಡಿದಳು. ಕಾಲುಗಳು ಆ ಸಣ್ಣ ಡೇರೆಯೊಳಗೆ ಏನನ್ನೂ ಮುಟ್ಟದೆ ಮಲಗಿದವು. ಅವಳೂ ಮುಟ್ಟುವುದನ್ನು ಬಿಟ್ಟಳು. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಮೊದಲು ಮೊಣಕಾಲು ಮಡಚುವುದು ಅವಳಿಗೆ ಅಭ್ಯಾಸವಾಗಿ ಹೋಯಿತು.

ಒಬ್ಬ ಡಾಕ್ಟರು ವಿಟಮಿನ್ ಕೊಟ್ಟರು. ಇನ್ನೊಬ್ಬರು ಕೊಟ್ಟ ಕ್ಯಾಪ್ಸೂಲಿನಿಂದ ಉರಿ ಇಳಿಯಿತು. ಅದರ ಜೊತೆಗೆ ಶಂಭುವೂ ಇಳಿದ. ಕಣಕಾಲು ಊದಿತು, ಮಾತು ತೊದಲಿತು. ಲೋಕಲ್ ರೈಲಿನಲ್ಲಿ ನಿದ್ದೆಹೋಗಿ ಠಾಣೆ ದಾಟಿ ಎಲ್ಲೆಲ್ಲಿಗೋ ಹೋಗಿ ಇಳಿದ. ಗಲ್ಲಾದಲ್ಲಿ ತೂಕಡಿಸಿ, ಚಹಾ ಕೇಳಿದವನಿಗೆ ಊಟದ ಕೂಪನ್ ಹರಿದುಕೊಟ್ಟ. ಹೋಟೆಲಿನ ಮಾಲೀಕ ಪುಂಡರೀಕಾಕ್ಷ ಒಳ್ಳೆಯವನೇ. "ಶಂಭಣ್ಣ, ರಾತ್ರಿ ಎಂಥ, ಯಕ್ಷಗಾನ ನೋಡ್ತೀರಾ?" ಎಂದು ಎಲ್ಲರೆದುರು ನಗಿಸಿದ. ಶಂಭು ಆ ದಿನವೇ ಕ್ಯಾಪ್ಸೂಲ್ ನಿಲ್ಲಿಸಿದ. ಹಾಗೆ ಒಮ್ಮೆಗೇ ನಿಲ್ಲಿಸಬಾರದಿತ್ತೆಂದು ಆಮೇಲೆ ತಿಳಿಯಿತು. ಉರಿ ಎರಡರಷ್ಟಾಗಿ ವಾಪಸು ಬಂತು.

ನಂತರ ಮೆಣಸಿನ ಸತ್ವದ ಮುಲಾಮು. ಕೈಗವಸು ಹಾಕಿಕೊಂಡು ಹಚ್ಚಿಕೊಂಡವನು ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡು ಬೊಬ್ಬೆ ಹೊಡೆದ. ಎದುರುಮನೆಯ ಅನಸೂಯಾ ಓಡಿ ಬಂದಳು.

"ಬ್ಯಾಡಗಿ ಮೆಣಸಿನಕಾಯಿ ಬೇಕಾಗಿತ್ತಂದ್ರ ನಮ್ಮೂರಿಂದ ತರಸ್ತಿದ್ನೆಲ್ರಿ! ಅಂಗಡಿಗೆ ಯಾಕ ಹೋದ್ರಿ?"

ಹಾಗಾಗಿ ಕಾಲಿನ ವಿಷಯ ಗೊತ್ತಿದ್ದವರು ಮನೆಯವರನ್ನು ಬಿಟ್ಟರೆ ಅವಳೊಬ್ಬಳೇ. ಬಂಧುಗಳಿಗೆ ಹೇಳಲು ಶಂಭು ಬಿಡಲಿಲ್ಲ. "ಸಕ್ಕರೆಯವನ ಕಾಲು ಅಂದ್ರೆ ಸಾಕು, ಎಲ್ಲಿವರೆಗೆ ಕಡಿದ್ರು ಅಂತ ಕೇಳ್ತಾರೆ. ಹೊರಗೆ ನೋಡಿದ್ರೆ ಗಾಯ ಇಲ್ಲ, ಬಾವು ಇಲ್ಲ. ನಾಟಕ ಅಂತಾರೆ." ನೋಡಲು ನಿಜಕ್ಕೂ ಒಳ್ಳೆಯ ಕಾಲುಗಳು. ನೀಳ ಬೆರಳು, ಚೊಕ್ಕ ಉಗುರು. ಅವನ ಮೈಯಲ್ಲಿ ವಯಸ್ಸಾಗದೆ ಉಳಿದದ್ದು ಅವೇ.

*

"ನೋವಂತೆ," ಎಂದ ಗುರುನಾಥ. ಸ್ವರ ತಗ್ಗಿಸಲು ನೋಡಿದರೂ ಆಗಲಿಲ್ಲ. "ನೋವು ಯಾರಿಗೆ ಆದದ್ದು, ಅದನ್ನೂ ಹೇಳಿ. ನನ್ನ ಅನುಷ್ಕಾಳ ಮದುವೆಯಲ್ಲಿ, ಅಷ್ಟು ಜನರ ಎದುರು, ಮಕ್ಕಳು ಕಾಲಿಗೆ ಬಿದ್ದದ್ದಕ್ಕೆ ಅಣ್ಣ ಕಾಲು ಹಿಂದೆ ಎಳ್ಕೊಂಡ. ಮುಖ ಕಿವುಚಿ ಎದ್ದು ಹೋದ. ಗಂಡಿನ ಕಡೆಯವರು ಕೇಳಿದ್ರು, ದೊಡ್ಡಪ್ಪನಿಗೆ ಈ ಸಂಬಂಧ ಇಷ್ಟ ಇಲ್ವಾ ಅಂತ. ನಾನು ಎಂಥ ಹೇಳುದು? ಆ ದಿನದಿಂದ ಇವತ್ತಿನವರೆಗೆ ಈ ಮನೆಯ ಮೆಟ್ಟಿಲು ಹತ್ತಿರ್ಲಿಲ್ಲ ನಾನು. ಅವನೂ ಕರೀಲಿಲ್ಲ."

ಜಯಲತಾ ತಲೆ ಎತ್ತಲಿಲ್ಲ. ಹೇಳಬಾರದೆಂದು ಮಾತು ತೆಗೆದುಕೊಂಡವನು ಎದುರಿಗೇ ಮಲಗಿದ್ದ.

ಮಾತಾಡಿದವಳು ಅನಸೂಯಾ. "ಏ ಗುರುನಾಥಪ್ಪಾ, ಏನ್ ಮಾತಾಡ್ತೀರಿ? ಅವರ ಕಾಲಿಗೆ ಗಾಳಿ ಬಡಿದ್ರೂ ಜೀವಾ ಹೋದಂಗಾಗ್ತಿತ್ತು. ನರ ಸುಟ್ಟು ಹೋಗಿದ್ವು. ಎದುರುಮನಿಯಾಕಿಗೆ ಗೊತ್ತೈತಿ, ಒಡಹುಟ್ಟಿದವರಿಗೆ ಗೊತ್ತಿಲ್ಲೇನ್ರಿ?"

"ಎಂಥ ನರ?"

"ಸಕ್ಕರೆಯಿಂದ," ಎಂದಳು ಜಯಲತಾ ಮೆಲ್ಲಗೆ. "ಆ ದಿನ ಮದುವೆ ಹಾಲ್‌ನಲ್ಲಿ ಬೂಟು ತೆಗೀಬೇಕಾಯ್ತು ಅಲ್ವಾ. ಹುಡುಗ ಎರಡೂ ಕೈಯಲ್ಲಿ ಗಟ್ಟಿ ಹಿಡ್ದ, ಭಕ್ತಿಯಿಂದ. ಇವರು ಹೊರಗೆ ಹೋಗಿ ಮೆಟ್ಟಿಲಲ್ಲಿ ಕೂತು ಅತ್ರು. ನೋವಿಗಾ, ಮಕ್ಕಳಿಗೆ ಆಶೀರ್ವಾದ ಮಾಡ್ಲಿಕ್ಕೆ ಆಗ್ಲಿಲ್ಲ ಅಂತವಾ, ನಾನು ಕೇಳ್ಲಿಲ್ಲ."

ಗುರುನಾಥನ ಕೈಯ ಬಟ್ಟೆಯೆಳೆ ಬೆರಳಿಗೆ ಸುತ್ತಿಕೊಳ್ಳುತ್ತ ಹೋಯಿತು. ಅವನು ಅಣ್ಣನ ಪಾದಗಳನ್ನು ನೋಡಿದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಒಂದು ಫೋನು ಮಾಡ್ಬಹುದಿತ್ತು," ಎಂದ. "ಮಾಡಿದ್ರೆ ನಾನು ಎತ್ತುತ್ತಿದ್ನೋ ಇಲ್ವೋ." ಅವನು ಬಾಲ್ಕನಿಯ ಕಡೆ ತಿರುಗಿ ನಿಂತ. ತಿರುಗದೆಯೇ ಕೇಳಿದ: "ಮದ್ದು ಇರ್ಲಿಲ್ವಾ ಅದಕ್ಕೆ?"

*

ಇತ್ತು, ಒಂದು ಲೆಕ್ಕದಲ್ಲಿ. ಕಲ್ಯಾಣದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೂರುವ ಲೇಡಿ ಡಾಕ್ಟರು ಅವನ ಕಾಲಿಗೆ ಹತ್ತಿಯ ಎಳೆ ತಾಗಿಸಿ ನೋಡಿ, ಮರಾಠಿಯಲ್ಲಿ ಹೇಳಿದ್ದರು: ಪೂರ್ತಿ ವಾಸಿ ಮಾಡುತ್ತೇನೆಂದು ನಾನು ಹೇಳುವುದಿಲ್ಲ. ನಿಮಗೆ ಮುಖ್ಯವಾಗಿ ಏನು ಬೇಕು, ಅದನ್ನು ಹೇಳಿ.

ಅಷ್ಟು ವರ್ಷಗಳಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಶಂಭು ತಡವರಿಸಿದ. "ಗಲ್ಲಾದಲ್ಲಿ ಎಚ್ಚರ ಇರಬೇಕು. ಕಾಲಿನ ಮೇಲೆ ಹೊದ್ದು ಮಲಗಬೇಕು," ಎಂದ.

ಡಾಕ್ಟರು ಒಂದು ಚಿಕ್ಕ ಮಾತ್ರೆ ಬರೆದರು. ಮೊದಲು ಅರ್ಧ, ವಾರಗಳು ಕಳೆದಂತೆ ಮುಕ್ಕಾಲು, ಒಂದು. ಬಾಯಿ ಒಣಗಿತು, ಬೆಳಿಗ್ಗೆ ತಲೆ ಭಾರವಾಯಿತು. ಮಲಗುವಾಗ ಬೇಡ, ದೀಪ ಹಚ್ಚುವ ಹೊತ್ತಿಗೇ ನುಂಗಿ ಎಂದರು. ತಲೆ ಹಗುರವಾಯಿತು. ಸಕ್ಕರೆಯನ್ನೂ ಹದಕ್ಕೆ ತರಿಸಿದರು. ನೋವು ಹೋಗಲಿಲ್ಲ. "ಬಾಡಿಗೆದಾರನ ಹಾಗೆ ಆಗಿದೆ ಈಗ," ಎನ್ನುತ್ತಿದ್ದ ಶಂಭು. "ಮನೆಯಲ್ಲೇ ಇದ್ದಾನೆ, ಆದ್ರೆ ಗಲಾಟೆ ಇಲ್ಲ."

ಒಂದು ಭಾನುವಾರ ಊಟ ಮುಗಿಸಿ ಅಡುಗೆಮನೆಯಿಂದ ಬಂದ ಜಯಲತಾ ಬಾಗಿಲಲ್ಲೇ ನಿಂತುಬಿಟ್ಟಳು. ಸ್ಟೂಲು ಮಂಚದ ಕೆಳಗಿತ್ತು. ಹೊದಿಕೆ ಶಂಭುವಿನ ಪಾದಗಳ ಮೇಲೆ ಇಳಿದು ಬೆರಳುಗಳ ಆಕಾರ ತಳೆದಿತ್ತು. ಅವನು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅವಳು ಸದ್ದಾಗದಂತೆ ಕುರ್ಚಿ ಎಳೆದು ಎದುರಿಗೆ ಕೂತು, ಸಂಜೆಯಾಗುವವರೆಗೆ ಅದನ್ನೇ ನೋಡಿದಳು. ಮುಟ್ಟುವ ಧೈರ್ಯ ಆ ದಿನವೂ ಆಗಲಿಲ್ಲ, ಆಮೇಲೂ ಆಗಲಿಲ್ಲ. ಅವನೂ ಕೇಳಲಿಲ್ಲ.

*

ಕೆಳಗೆ ಗಾಡಿಯ ಹಾರ್ನ್ ಕೇಳಿಸಿತು. ಅಕ್ಷಿತ್ ಬಾಲ್ಕನಿಯಿಂದ ಬಗ್ಗಿ ನೋಡಿ, "ಆ ಗಯೀ," ಎಂದ. ಹೆಂಗಸರ ನಡುವೆ ಅಳು ಮತ್ತೊಮ್ಮೆ ಎದ್ದು ತಗ್ಗಿತು.

ಗುರುನಾಥ ಬಂದು ಬೆರಳಿಗೆ ಸುತ್ತಿದ ಎಳೆಯನ್ನು ಬಿಡಿಸಿ ಜಯಲತಾಳ ಮುಂದೆ ಹಿಡಿದ. ಕಣ್ಣು ಕೆಂಪಾಗಿತ್ತು.

"ಅತ್ತಿಗೆ, ನಾನು ಮುಟ್ಟುದಿಲ್ಲ. ಯಾರೂ ಮುಟ್ಟುದು ಬೇಡ. ನೀವೇ ಕಟ್ಟಿ."

"ಹೆಂಗಸ್ರು ಕಟ್ತಾರಾ?" ಎಂದರು ಗೋಡೆ ಬದಿಯಿಂದ ಯಾರೋ.

"ಕಟ್ತಾರ," ಎಂದಳು ಅನಸೂಯಾ. "ನೀವು ಸುಮ್ಕಿರ್ರಿ."

ಜಯಲತಾ ಎಳೆಯನ್ನು ತೆಗೆದುಕೊಂಡಳು. ಬೆರಳುಗಳ ಸುತ್ತ ಎರಡು ಬಾರಿ ಬಳಸಿ, ಹೂವಿಗೆ ಹಾಕುವಂಥ ಸಡಿಲ ಗಂಟು ಹಾಕಿದಳು. ಕೈ ತೆಗೆದ ಕೂಡಲೇ ಪಾದಗಳು ಮೆಲ್ಲಗೆ ಎರಡು ಕಡೆಗೆ ವಾಲಿದವು. ಎಳೆ ಜಾರಿ ಚಾಪೆಯ ಮೇಲೆ ಬಿತ್ತು.

"ಅಮ್ಮಾ, ಥೋಡಾ ಟೈಟ್..." ಎಂದು ಅಕ್ಷಿತ್ ಅರ್ಧಕ್ಕೇ ನಿಲ್ಲಿಸಿದ.

ಅವಳು ಎಳೆಯನ್ನು ಹೆಕ್ಕಿದಳು. ಎಡಗೈ ಚಾಚಿ ಎರಡೂ ಪಾದಗಳನ್ನು ಒಟ್ಟಿಗೆ ಹಿಡಿದಳು. ಅವು ತಣ್ಣಗಿದ್ದವು. ಬೆರಳುಗಳನ್ನು ಜೋಡಿಸಿ, ಬಳಸಿ, ಗಂಟಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು, ಇನ್ನೊಂದನ್ನು ಬಲಗೈಗೆ ಸುತ್ತಿಕೊಂಡಳು. ಎಳೆಯುವ ಮೊದಲು, ಅಭ್ಯಾಸದಂತೆ, ಶಂಭುವಿನ ಮುಖ ನೋಡಿದಳು.

ಆಮೇಲೆ ಎಳೆದಳು. ಬಟ್ಟೆ ಚರ್ಮದೊಳಗೆ ಕಚ್ಚಿತು. ಅವಳು ಅವನ ಹುಬ್ಬುಗಳನ್ನು ನೋಡುತ್ತಲೇ ಇದ್ದಳು. ಅವು ಅಲುಗಲಿಲ್ಲ. ಇನ್ನೂ ಸ್ವಲ್ಪ ಬಿಗಿ ಮಾಡಿದಳು.