ನಾಲ್ಕನೆಯ ಗುಂಡಿ

ಬ್ಯಾಂಡ್ ಮಾಸ್ತರ ಮುನಿಗಂಗಪ್ಪ ಬೆಂಗಳೂರು ದಂಡಿನಿಂದ ಟ್ಯೂಬಾ ಎಂಬ ಹಳೆಯ ದೊಡ್ಡ ಹಿತ್ತಾಳೆ ವಾದ್ಯವೊಂದನ್ನು ಚಿಂತಾಮಣಿಗೆ ಹೊತ್ತು ತಂದದ್ದು ಐವತ್ತೆಂಟನೆಯ ಇಸವಿಯ ಮದುವೆಗಳು ಶುರುವಾಗುವ ಮುಂಚೆ. ಸ್ವರ ಇಳಿಸಲು ಬೆರಳಿನಿಂದ ಒತ್ತುವ ಗುಂಡಿಗಳು ಬ್ಯಾಂಡಿನಲ್ಲಿ ಮೊದಲಿದ್ದ ಟ್ಯೂಬಾಕ್ಕೆ ಮೂರು, ಇದಕ್ಕೆ ನಾಲ್ಕು. ಹೆಚ್ಚಿನ ಗುಂಡಿ ಯಾತಕ್ಕೆಂದು ಮಾರಿದವನು ಹೇಳಲಿಲ್ಲ, ಕೊಂಡವನು ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲವೆಂದು ಒಪ್ಪಿಕೊಂಡ ಹಾಗಾಗುತ್ತದಲ್ಲ! ಊರಿಗೆ ಬಂದವನೇ, "ಈ ಸೀಮೇಲಿ ನಾಲ್ಕು ಗುಂಡೀದು ನಮ್ಮತ್ರ ಮಾತ್ರ" ಎಂದು ಸಾರಿಬಿಟ್ಟ.

ಪೇಚಿಗೆ ಸಿಕ್ಕವನು ಅದನ್ನು ಊದಬೇಕಾದ ಆವಲಪ್ಪ.

"ಶಿಡ್ಲಘಟ್ಟದ ಮದುವೇಲಿ ಆ ಗುಂಡಿ ಸರಿಯಾಗಿ ಮಾತಾಡ್ಬೇಕು ಕಣಪ್ಪ. ಇಲ್ದಿದ್ರೆ ನಮ್ಮ ಅಳಿಯನ ಕೈಗೆ ಕೊಡ್ತೀನಿ. ನೀನು ಅವನ ತಾಳ ಹಿಡ್ಕೊ" ಎಂದಿದ್ದ ಮುನಿಗಂಗಪ್ಪ.

ಟ್ಯೂಬಾ ಹೆಗಲಿಗೇರಿದಾಗ ಮಾತ್ರ ನಾಲ್ಕು ಜನ ತನ್ನ ಕಡೆ ತಿರುಗಿ ನೋಡುತ್ತಾರೆಂಬುದು ಆವಲಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಮನೆಯಲ್ಲಿ ಕೂತು ಷಡ್ಜ ಊದಿ, ಕಿರುಬೆರಳಿನಿಂದ ನಾಲ್ಕನೆಯದನ್ನು ಒತ್ತಿದ. ಸ್ವರ ಕೆಳಗಿನ ಪಂಚಮಕ್ಕೆ ಇಳಿಯಿತು. ಆದರೆ ಅದೇ ಪಂಚಮ ಒಂದನೆಯ ಮತ್ತು ಮೂರನೆಯ ಗುಂಡಿಗಳನ್ನು ಜೊತೆಯಾಗಿ ಒತ್ತಿದರೂ ಬರುತ್ತಿತ್ತು. ಈತನಕ ಊದಿದ್ದೂ ಹಾಗೆಯೇ. ಇರುವುದನ್ನೇ ಕೊಡಲು ಇನ್ನೊಂದು ಗುಂಡಿ ಯಾಕೆ? ಯೋಚಿಸಿದಷ್ಟೂ ತಲೆ ಕೆಟ್ಟುಹೋಯಿತು.

ಕೊನೆಗೆ ಭಜನೆ ಮಂದಿರದಿಂದ ಶ್ರುತಿಪೆಟ್ಟಿಗೆ ತಂದು ಹೆಂಡತಿ ಕದಿರಮ್ಮನ ಮುಂದೆ ಇಟ್ಟ. ಅವಳು ತಿದಿ ಒತ್ತಿದಳು, ಇವನು ಊದಿದ. ಷಡ್ಜ ಕೂಡಿತು, ಪಂಚಮ ಕೂಡಲಿಲ್ಲ. ಎರಡು ಗುಂಡಿಯದು ಒಂದೆಳೆ ಮೇಲೆ, ನಾಲ್ಕನೆಯದೂ ಮೇಲೆಯೇ. ಕೊಳವೆ ಉದ್ದವಾದಷ್ಟೂ ಸ್ವರ ಇಳಿಯುತ್ತದೆಂದು ಗುಂಡಿಗೆ ಸೇರಿದ ಕೊಳವೆಯನ್ನು ಎಳೆದ, ಇನ್ನೂ ಎಳೆದ.

"ಎಳೀತಾನೇ ಇದೀಯ, ಏನೂ ಬದಲಾಗ್ತಿಲ್ವಲ್ಲ" ಎಂದಳು ಕದಿರಮ್ಮ.

ಬದಲಾಗುವುದು ಹೇಗೆ? ಮಹಾರಾಯ ಎಳೆಯುತ್ತಿದ್ದದ್ದು ಮೂರನೆಯ ಗುಂಡಿಯ ಕೊಳವೆಯನ್ನು. ನಾಲ್ಕನೆಯದರ ಕೊಳವೆ ಹಿಂದಿನಿಂದ ಬಳಸಿ ಹೋಗಿ, ಕಿಲುಬು ಹಿಡಿದು ಕಚ್ಚಿಕೊಂಡಿತ್ತು. ಮೂರನೆಯದನ್ನು ಮೊದಲಿದ್ದಲ್ಲಿಗೇ ತಳ್ಳಿ, ಇದಕ್ಕೆ ಹೊಂಗೆಣ್ಣೆ ಬಿಟ್ಟು, ಬಟ್ಟೆ ಸುತ್ತಿ, ಗಂಡ ಹೆಂಡತಿ ಒಬ್ಬೊಬ್ಬರು ಒಂದೊಂದು ಕಡೆ ಹಿಡಿದು ಎಳೆದ ಮೇಲೆ ಬೆರಳಗಲ ಈಚೆಗೆ ಬಂತು. ಮತ್ತೆ ಊದಿದ. ಪಂಚಮ ಪೆಟ್ಟಿಗೆಯ ನಾದದೊಳಗೆ ಕರಗಿತು. ಎರಡು ಗುಂಡಿ ಸೇರಿ ಮಾಡುವ ತಪ್ಪನ್ನು ತಿದ್ದುವುದಕ್ಕೇ ಈ ಗುಂಡಿ ಎಂದು ಹೊಳೆದು ಆವಲಪ್ಪನ ಕಣ್ಣು ತುಂಬಿಕೊಂಡಿತು.

ಶಿಡ್ಲಘಟ್ಟದಲ್ಲಿ ಮದುಮಗನ ಕಾರಿನ ಮುಂದೆ ಬ್ಯಾಂಡು ಹೊರಟಿತು. ಪಂಚಮ ಬಂದಲ್ಲಿ ಆವಲಪ್ಪ ಹಿಗ್ಗಿನಿಂದ ನಾಲ್ಕನೆಯದನ್ನು ಒತ್ತಿದ. ಕ್ಲಾರಿನೆಟ್ಟಿನ ಕೋನಪ್ಪ ಹುಳಿ ಕಚ್ಚಿದವನ ಹಾಗೆ ಹಿಂದಕ್ಕೆ ತಿರುಗಿದ. ಎರಡನೆಯ ಸಲವೂ ಹಾಗೆಯೇ ಆಯಿತು.

ಮುನಿಗಂಗಪ್ಪ ಪಕ್ಕಕ್ಕೆ ಬಂದು, "ಏನಯ್ಯ ಇದು ಅಪಸ್ವರ?" ಎಂದ.

"ಶ್ರುತಿಪೆಟ್ಟಿಗೆಗೆ ಕೂಡ್ಸಿದೀನಿ ಮಾಸ್ಟ್ರೇ."

"ಪೆಟ್ಟಿಗೆ ಜೊತೆ ಊದಕ್ಕೆ ಬಂದಿದೀಯೋ, ನಮ್ಮ ಜೊತೇನೋ?"

ಆವಲಪ್ಪ ಗಲಿಬಿಲಿಗೊಂಡು ಕಿವಿಗೊಟ್ಟ. ಕೋನಪ್ಪನ ಪಂಚಮ ಒಂದೆಳೆ ಮೇಲಿತ್ತು. ಎಲ್ಲರದೂ ಅಷ್ಟೇ ಮೇಲಿತ್ತು, ಮೊದಲಿದ್ದ ಟ್ಯೂಬಾದ ಎರಡು ಗುಂಡಿಯ ಪಂಚಮ ಇದ್ದಷ್ಟೇ. ಇಷ್ಟು ವರ್ಷ ಅದನ್ನು ಇವರ ಕಿವಿಗೆ ತುಂಬಿದವನು ಇನ್ಯಾರೂ ಅಲ್ಲ, ತಾನೇ. ಹಾಗಾದರೆ ಈಗ ತಪ್ಪು ಯಾರದು, ಸರಿ ಯಾವುದು?

ಅಳಿಯ ಆಗಲೇ ತಾಳವನ್ನು ಕಂಕುಳಿಗೆ ಸೇರಿಸಿ ಟ್ಯೂಬಾದ ಕಡೆ ನೋಡುತ್ತಿದ್ದ.

ಆವಲಪ್ಪ ಕಿರುಬೆರಳನ್ನು ಎತ್ತಿ, ಮೊದಲಿನಂತೆ ಒಂದನ್ನೂ ಮೂರನ್ನೂ ಒತ್ತಿದ. ಬ್ಯಾಂಡು ಗಕ್ಕನೆ ಕೂಡಿಕೊಂಡಿತು. ಕೋನಪ್ಪ ತಲೆದೂಗಿದ. ಮುನಿಗಂಗಪ್ಪ ಬೀಗರ ಕಡೆ ತಿರುಗಿ, "ಕೇಳಿದ್ರಾ ಸ್ವಾಮಿ, ಅದೇ ನಾಲ್ಕನೇ ಗುಂಡಿ" ಎಂದ.

ಮಾರನೆಯ ದಿನ ಕದಿರಮ್ಮ ಶ್ರುತಿಪೆಟ್ಟಿಗೆಯನ್ನು ಸೊಂಟಕ್ಕೇರಿಸಿಕೊಂಡು, "ಟ್ಯೂಬಾ ಉಳೀತಲ್ಲ, ಇದನ್ನ ಮಂದಿರಕ್ಕೆ ಕೊಟ್ಬರ್ಲಾ?" ಎಂದು ಕೇಳಿದಳು.

"ಇರು ಕಣೇ" ಎಂದ ಆವಲಪ್ಪ. "ಇನ್ನೊಂದ್ಸಲ ಒತ್ತು. ಯಾವುದು ಸರಿ ಅನ್ನೋದು ನಂಗೆ ಮರ್ತೋಗ್ತಾ ಐತೆ."