ಒಂದೇ ಸವಾರಿಯ ಗಾಡಿ

“ತಲಿ ಹಿಡೀರಿ, ತಲಿ! ವಾಲಾಕತ್ತದ,” ಎಂದು ಬಸವಣಪ್ಪ ಕೂಗಿದ. ನಾಲ್ಕು ಮಂದಿ ಸೇರಿ ಅವನ ತಮ್ಮ ಸತೀಶಕುಮಾರನ ಹೆಣವನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದರು. ಹಣೆಗೆ ವಿಭೂತಿ ಬಳಿದು ಕೊರಳಿಗೆ ಹಾರ ಹಾಕಿದರು. ಬಾಗಿಲಲ್ಲಿ ನಿಂತ ಅನುರಾಧಾ ಗಂಡನನ್ನೇ ನೋಡಿದಳು. ಕಲ್ಯಾಣ–ಹುಮನಾಬಾದ ರಸ್ತೆಯಲ್ಲಿ ತಾನು ಓಡಿಸುತ್ತಿದ್ದ ಟಂಟಂ ಆಟೋ ಪಲ್ಟಿಯಾಗಿ ಸೊಂಟ ಮುರಿದಾಗಿನಿಂದ ಐದು ವರ್ಷ ಮಲಗಿಯೇ ಇದ್ದವನು. ಬದುಕಿದ್ದಾಗ ಸಿಗದ ಎದ್ದು ಕೂರುವ ಭಾಗ್ಯ ಸತ್ತ ಮೇಲೆ ಸಿಕ್ಕಿತ್ತು.

ಹುಮನಾಬಾದಿನಿಂದ ಬಂದಿದ್ದ ಫರ್ಹೀನ್ ಅವಳ ಕೈ ಹಿಡಿದಳು. ಆ ಅಪಘಾತದವರೆಗೂ ಅನುರಾಧಾ ಕೆಲಸ ಮಾಡಿದ್ದು ಫರ್ಹೀನಳ ಕಂಪ್ಯೂಟರ್ ಅಂಗಡಿಯಲ್ಲಿ.

“ನಿನ್ನ ಕುರ್ಚಿ ಹಾಂಗೇ ಅದ, ಅನು. ಯಾವಾಗ ಬರ್ತಿ?”

ಅವಳು ಬಾಯಿ ತೆರೆಯುವ ಮೊದಲೇ ಬಸವಣಪ್ಪ ಅಂದ: “ಎಲ್ಲಿ ಬರ್ತಾಳ್ರಿ? ಸೂತಕ ಕಳೀಬೇಕು. ಆಮ್ಯಾಲ ನಮ್ಮವ್ವನ್ನ ಯಾರು ನೋಡ್ಕೋಬೇಕು?”

ಅನುರಾಧಾಳಿಗೆ ಆ ಕುರ್ಚಿ ಕಣ್ಣಿಗೆ ಕಟ್ಟಿತು. ಗಂಡ ಎದುರಿಗೆ ಹೆಣವಾಗಿ ಕೂತಿರುವಾಗ ಅಂಗಡಿಯ ಕುರ್ಚಿ ನೆನೆದದ್ದಕ್ಕೆ ನಾಚಿಕೆಯೂ ಆಯಿತು.

*

ತಾನು ತೋಡಿದ ಗುಂಡಿಗೆ ತಾನೇ ಬಿದ್ದಿದ್ದಳು. ಅಪಘಾತವಾದ ಮೊದಲ ವರ್ಷ, ಮಲಗಿದ ಗಂಡನಿಗೆ ಹೊತ್ತು ಹೋಗುವಂತಾದರೆ ತಾನು ಮತ್ತೆ ಕೆಲಸಕ್ಕೆ ಹೋಗಬಹುದೆಂದು ಫರ್ಹೀನಳಿಂದ ಹಳೆಯ ವಿಡಿಯೊ ಗೇಮಿನ ಡಬ್ಬಿ ತಂದಳು. ಪಡಸಾಲೆಯ ಟೀವಿ ಭಾವ ಬಸವಣಪ್ಪನದು, ಮುಟ್ಟುವಂತಿರಲಿಲ್ಲ. ಹಾಗಾಗಿ ಅಂಗಡಿಯ ಮೂಲೆಯಲ್ಲಿದ್ದ ಕಂಪ್ಯೂಟರ್ ಮಾನಿಟರನ್ನೂ ಹೊತ್ತು ತಂದಳು. ಡಬ್ಬಿಯದು ಎಚ್‌ಡಿಎಂಐ ಕೇಬಲ್ಲು, ಮಾನಿಟರಿನದು ಹಳೇ ವಿಜಿಎ ಪಿನ್ನು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಡುವೆ ಒಂದು ಅಡಾಪ್ಟರ್ ಸಿಕ್ಕಿಸಿದ ಮೇಲೆ ಪರದೆಯಲ್ಲಿ ರಸ್ತೆ ಮೂಡಿತು.

“ಸಪ್ಪಳಾನೇ ಇಲ್ಲಲ್ಲ?” ಅಂದ ಸತೀಶ.

“ಈ ಅಡಾಪ್ಟರ್ ಚಿತ್ರ ಅಷ್ಟೇ ದಾಟಸ್ತದ್ರಿ. ಧ್ವನಿಗಿ ಬ್ಯಾರೆ ತರ್ತೀನಿ.”

“ಬ್ಯಾಡ ಬಿಡು. ಟಂಟಂ ಸಪ್ಪಳ ನನಗ ಗೊತ್ತಿಲ್ಲೇನು?”

ಬಾಯಲ್ಲೇ ಎಂಜಿನ್ ಶುರು ಮಾಡಿದ. ಯಾವುದೋ ದೇಶದ ಕಡಲಂಚಿನ ರಸ್ತೆಯಲ್ಲಿ ಕೆಂಪು ಕಾರು ಓಡಿಸುತ್ತ, “ಹುಮನಾಬಾದ, ಹುಮನಾಬಾದ! ಹಿಂದ ಸರೀರಿ, ಇನ್ನೊಬ್ರು ಕೂಡ್ತಾರ!” ಎಂದು ಕೂಗಿದ. ಅನುರಾಧಾ ಹೊಟ್ಟೆ ಹುಣ್ಣಾಗುವಂತೆ ನಕ್ಕಳು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಮರುದಿನ ಅವಳು ಕೆಲಸಕ್ಕೆ ಹೊರಟು ನಿಂತರೆ ಸತೀಶ ಆಟ ನಿಲ್ಲಿಸಿಬಿಟ್ಟ.

“ಸವಾರಿ ಇಲ್ಲದ ಗಾಡಿ ಹ್ಯಾಂಗ ಬಿಡ್ಲಿ, ಅನು? ಮಗ್ಗಲದಾಗ ಕೂಡು.”

ಕೂತಳು. ಅವನ ಒಬ್ಬಳೇ ಪ್ರಯಾಣಿಕಳಾಗಿ, ಪ್ರೀತಿಯಿಂದಲೇ ಕೂತಳು. ಆಮೇಲೆ ವರ್ಷಗಟ್ಟಲೆ ಕೂತಳು. ಅವಳು ಎದ್ದರೆ ಗಾಡಿ ನಿಲ್ಲುತ್ತಿತ್ತು. ಅವನು ಗೋಡೆಯ ಕಡೆ ಮುಖ ತಿರುಗಿಸಿ ಊಟ ಬಿಡುತ್ತಿದ್ದ. ಅವಳಿಗೆ ಸಿಟ್ಟು ನೆತ್ತಿಗೇರುತ್ತಿತ್ತು, ಮರುಗಳಿಗೆ ಮತ್ತೆ ಬಂದು ಮಗ್ಗುಲಲ್ಲೇ ಕೂರುತ್ತಿದ್ದಳು.

*

ಮಣ್ಣು ಕೊಟ್ಟು ಗಂಡಸರು ಮರಳುವಷ್ಟರಲ್ಲಿ ಹೊತ್ತು ಇಳಿದಿತ್ತು. ಫರ್ಹೀನ್ ಹೊರಡಲೆಂದು ಓಣಿಯಲ್ಲಿ ಆಟೋ ಹತ್ತಿ ಕೂತಿದ್ದಳು. ಅತ್ತೆ ಲಲಿತಾಬಾಯಿ ಒಳಗಿಂದ ಸೊಸೆಯ ಬಟ್ಟೆಯ ಚೀಲ ತಂದು ಅನುರಾಧಾಳ ಕೈಗಿಟ್ಟಳು.

“ನಡಿ, ಗಾಡಿ ಹತ್ತು.”

“ಅತ್ತೀ, ಇವತ್ತೇ?”

“ಯವ್ವಾ, ತಲಿ ಕೆಟ್ಟದೇನು? ಸೂತಕದ ಮನಿ ಇದು!” ಬಸವಣಪ್ಪ ಗದರಿದ.

“ಕಲ್ಯಾಣದಾಗ ಹುಟ್ಟಿ ಸೂತಕ ಅಂತೀಯಲ್ಲೋ! ಲಿಂಗ ಕಟ್ಟಿದವರಿಗಿ ಎಲ್ಲೀ ಸೂತಕ?” ಎಂದ ಮುದುಕಿ ಸೊಸೆಯ ಕಡೆ ತಿರುಗಿದಳು. “ನಿಮ್ಮ ಮಾವ ತೀರಿದಾಗ ನಾನೂ ಒಂದಿನ ಇದ್ದು ತವರಿಗಿ ಹೋಗಾಣ ಅಂದಿದ್ದೆ. ಆ ದಿನ ಇನ್ನಾ ಮುಗಿದಿಲ್ಲ.”

“ನಿಮ್ಮನ್ನ ಯಾರು ನೋಡ್ತಾರ್ರಿ?”

“ಹಡೆದ ಮಗ ಎದುರಿಗೇ ನಿಂತಾನಲ್ಲ.”

ಬಸವಣಪ್ಪ ದಾರಿ ಬಿಟ್ಟು ಸರಿದ. ಅನುರಾಧಾ ಅತ್ತೆಯನ್ನು ತಬ್ಬಿ ಅತ್ತು ಅಂಗಳಕ್ಕಿಳಿದಳು. ಆಟೋವರೆಗೂ ಹೋದವಳು ತಡೆಯಲಾರದೆ ತಿರುಗಿ ಓಡಿ ಬಂದಳು. ಅಷ್ಟರಲ್ಲಿ ಬಾಗಿಲು ಮುಚ್ಚಿ ಒಳಗಿಂದ ಅಗಳಿ ಬಿದ್ದಿತ್ತು. ತಟ್ಟಿದಳು, ಕೂಗಿದಳು, ತೆರೆಯಲಿಲ್ಲ. ಪಕ್ಕದ ಕಿಟಕಿಯ ಸರಳುಗಳ ನಡುವಿನಿಂದ ಲಲಿತಾಬಾಯಿಯ ಬೋಳು ಕೈಯೊಂದು ಹೊರಗೆ ಚಾಚಿ, ಹೋಗು ಹೋಗು ಎಂದು ಗಾಳಿಯನ್ನು ತಳ್ಳುತ್ತಿತ್ತು.