ಚೋಂದಮ್ಮನ ಊಟದ ಕೋಣೆ

ಪೀತಮ್‌ಪುರದ ಆ ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿ ಹೆಡ್ ನರ್ಸ್ ಚೋಂದಮ್ಮನ ಮಾತಿಗೆ ಎದುರು ಮಾತಿರಲಿಲ್ಲ. ಕೊಡಗಿನವಳು, ನಿವೃತ್ತ ಸುಬೇದಾರ್ ಪೂಣಚ್ಚನ ಹೆಂಡತಿ. ಆದರೆ ಮನೆಯಲ್ಲೂ ವಾರ್ಡಿನಲ್ಲೂ ಸುಬೇದಾರಿಕೆ ಇವಳದ್ದೇ. ಯಾರ ಮಾಸ್ಕ್ ಕೂದಲೆಳೆಯಷ್ಟು ಸಡಿಲವಾದರೂ ಅವರ ಗ್ರಹಚಾರ ಬಿಡಿಸುತ್ತಿದ್ದಳು. ಇಷ್ಟಿದ್ದೂ ೨೦೨೧ರ ಏಪ್ರಿಲ್‌ನಲ್ಲಿ, ಹದಿನೈದೇ ದಿನದಲ್ಲಿ, ಒಂಬತ್ತು ಸಿಬ್ಬಂದಿಗೆ ಸೋಂಕು ತಗುಲಿತು. ಏನು ಹೇಳೋಣ ಇದಕ್ಕೆ!

ಆಡಳಿತದವರಿಗೆ ಒಂದು ಹರಕೆಯ ಕುರಿ ಬೇಕಿತ್ತು, ಅಮಿತಾ ಸಿಕ್ಕಿದಳು. ಗುತ್ತಿಗೆಯ ನರ್ಸ್, ಲಕ್ಷ್ಮೀ ನಗರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅಪ್ಪ ಅಮ್ಮನ ಜೊತೆಗಿದ್ದ ಹುಡುಗಿ. ಮೊದಲು ಜ್ವರ ಬಂದದ್ದು ಅವಳಿಗೆ, ಆಮೇಲೆ ಅವಳ ಅಪ್ಪ ಏಕನಾಥರಿಗೆ. ಸಕ್ಕರೆ ಕಾಯಿಲೆಯ ಮನುಷ್ಯ, ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದರು. ಮೈತುಂಬ ತೊಡುವ ಪಿಪಿಇ ಕಿಟ್ ಬಿಚ್ಚುವಾಗ ಅಮಿತಾ ಎಡವಟ್ಟು ಮಾಡಿಕೊಂಡು ಎಲ್ಲರಿಗೂ ಹರಡಿದಳೆಂದೂ ಸೋಮವಾರದ ಸಭೆಯಲ್ಲಿ ಅವಳನ್ನು ಕೆಲಸದಿಂದ ತೆಗೆಯುವುದೆಂದೂ ಸುದ್ದಿಯಾಯಿತು. ಚೋಂದಮ್ಮನಿಗೆ ಫೋನ್ ಮಾಡಿದಾಗ ಅವಳು ಕೆಲಸದ ಮಾತೇ ಎತ್ತಲಿಲ್ಲ.

"ಅಕ್ಕಾ, ನನ್ನ ತಪ್ಪಿನಿಂದ ಅಪ್ಪನಿಗೆ ಹೀಗಾಯಿತಾ? ನಿಜ ಹೇಳಿ," ಎಂದಳು.

ಚೋಂದಮ್ಮ ಭಾನುವಾರ ಬೆಳಿಗ್ಗೆಯೇ ಡ್ಯೂಟಿ ಪಟ್ಟಿ ಹರಡಿಕೊಂಡು ಕೂತಳು. ಒಂಬತ್ತು ಹೆಸರು ಬರೆದು, ಯಾರು ಯಾವ ರೋಗಿಯ ಹತ್ತಿರ ಹೋಗಿದ್ದರು, ಯಾರ ಜೊತೆ ಕಿಟ್ ಬಿಚ್ಚಿದ್ದರು ಎಂದು ತಾಳೆ ನೋಡಿದಳು. ಒಂದೂ ಹೊಂದಲಿಲ್ಲ. ಸ್ಟೋರಿನ ಗುಮಾಸ್ತ ಮಹಂತೇಶ್ ವಾರ್ಡಿಗೆ ಕಾಲೇ ಇಟ್ಟವನಲ್ಲ, ಅವನಿಗೂ ಬಂದಿತ್ತು. ತೀರಾ ಕಷ್ಟದ ರೋಗಿಗಳನ್ನೇ ನೋಡಿಕೊಂಡ ನರ್ಸ್ ಚರಣ್ ಮಾತ್ರ ಗುಂಡುಕಲ್ಲಿನಂತಿದ್ದ.

ಚರಣ್ ಮಾಂಸದ ವಾಸನೆಗೂ ಆಗದವನು. ಚೋಂದಮ್ಮ ಹಂದಿ ಮಾಂಸದ ಪಂದಿ ಕರಿಯ ಡಬ್ಬಿ ಬಿಚ್ಚಿದರೆ ಸಾಕು, ತನ್ನ ಊಟ ಎತ್ತಿಕೊಂಡು ತಾರಸಿಗೆ ಓಡುತ್ತಿದ್ದ. ಉಳಿದವರೆಲ್ಲ, ಮಹಂತೇಶನೂ ಸೇರಿ, ಸ್ಟೋರಿನ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಎಸಿ ಹಾಕಿ, ಬಾಗಿಲು ಮುಚ್ಚಿ, ಮಾಸ್ಕ್ ತೆಗೆದು, ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕಿ ಗಂಟೆಗಟ್ಟಲೆ ಹರಟುತ್ತಿದ್ದರು. ಒಬ್ಬರೇ ಕೂತು ಉಣ್ಣುವುದನ್ನು ಕಂಡರೆ ಚೋಂದಮ್ಮನಿಗೆ ಆಗದು. ಒಬ್ಬೊಬ್ಬರನ್ನೂ ಅಲ್ಲಿಗೆ ಎಳೆದು ತಂದು ಕೂರಿಸಿದವಳು ಅವಳೇ. ರೋಗಿಗಳ ಮುಂದೆ ಅಷ್ಟು ಹುಷಾರಾಗಿದ್ದವರು, ನಮ್ಮವರೇ ತಾನೆ ಎಂದು ಇಲ್ಲಿ ಮೈಮರೆತಿದ್ದರು. ಸೋಂಕು ಹರಡಿದ್ದು ಇಲ್ಲೇ ಎಂದು ಚೋಂದಮ್ಮನಿಗೆ ಹೊಳೆಯಿತು. ಅವಳಿಗೆ ಹಿಂದಿನ ಚಳಿಗಾಲದಲ್ಲೇ ಬಂದುಹೋಗಿತ್ತು, ಹಾಗಾಗಿ ಈ ಸಲ ಬಚಾವಾಗಿದ್ದಳು.

ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಿವೃತ್ತಿಗೆ ಎರಡೇ ವರ್ಷ, ಸುಮ್ಮನಿರು ಎಂದು ಪೂಣಚ್ಚನೂ ಬುದ್ಧಿ ಹೇಳಿದ. ಅವಳಿಗೆ ಭಯವೂ ಆಯಿತು, ನಾಚಿಕೆಯೂ ಆಯಿತು. ಆದರೂ ಸೋಮವಾರ, ಕೋಣೆಯಲ್ಲಿ ಉಂಡವರ ಹೆಸರಿಗೆ ಗುರುತು ಹಾಕಿದ ಪಟ್ಟಿಯನ್ನು ಸಭೆಗೆ ತೆಗೆದುಕೊಂಡು ಹೋಗಿ ಸೂಪರಿಂಟೆಂಡೆಂಟ್ ದತ್ತಾತ್ರೇಯರ ಮುಂದಿಟ್ಟಳು.

"ಸರ್, ಅವರನ್ನೆಲ್ಲ ಆ ಕೋಣೆಯಲ್ಲಿ ಕೂರಿಸಿದವಳು ನಾನು. ತೆಗೆಯುವುದಿದ್ದರೆ ನನ್ನನ್ನು ತೆಗೆಯಿರಿ."

ದತ್ತಾತ್ರೇಯರು ಪಟ್ಟಿಯನ್ನು ಎರಡು ಸಲ ಓದಿದರು, ಎದ್ದು ಹೋಗಿ ಕೋಣೆಯನ್ನೂ ನೋಡಿ ಬಂದರು. ಗಾಳಿಯಿಲ್ಲದ ಗೂಡನ್ನು ಸಿಬ್ಬಂದಿಗೆ ಕೊಟ್ಟವರು ನಾವೇ, ತಪ್ಪು ನಮ್ಮದೂ ಹೌದು ಎಂದು ಒಪ್ಪಿಕೊಂಡು, ಅಮಿತಾಳ ಮೇಲಿನ ದೂರನ್ನು ಅಲ್ಲೇ ಹರಿದು ಹಾಕಿದರು. ಮಾರನೆಯ ದಿನದಿಂದ ಊಟ ತಾರಸಿಯ ಶಾಮಿಯಾನದ ಕೆಳಗೆ, ದೂರ ದೂರ, ಅವರವರ ಡಬ್ಬಿ ಅವರವರಿಗೆ. ಉಸ್ತುವಾರಿ ಚರಣನದು, ಚೋಂದಮ್ಮನನ್ನೂ ಗದರುವ ಅಧಿಕಾರ ಸಿಕ್ಕಿ ಅವನು ಬೀಗಿದ್ದೇ ಬೀಗಿದ್ದು.

ಮೊದಲ ವಾರ ಹಳೆಯ ಸೋಂಕಿನ ಬಾಲದಂತೆ ಒಂದೆರಡು ಪ್ರಕರಣ ಕಂಡವು. ಆಮೇಲೆ ನಲವತ್ತು ದಿನ ಸಿಬ್ಬಂದಿಯಲ್ಲಿ ಒಬ್ಬರಿಗೂ ಬರಲಿಲ್ಲ. ವಾರ್ಡಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ರೋಗಿಗಳಿದ್ದಾಗಲೂ ಬರಲಿಲ್ಲ!

ಜೂನ್‌ನಲ್ಲಿ ಅಮಿತಾ ಕೆಲಸಕ್ಕೆ ಮರಳಿದಳು. ಅವಳನ್ನು ಬಿಡಲು ಆಟೋದಲ್ಲಿ ಬಂದವರು ಏಕನಾಥರೇ. ಸೊರಗಿದ್ದರು, ಆದರೆ ಸ್ವಂತ ಉಸಿರಿನಲ್ಲಿದ್ದರು. ಚೋಂದಮ್ಮ ಗೇಟಿನ ಬಳಿ ಕೈಮುಗಿದು, ತಪ್ಪು ನನ್ನದು, ನಿಮ್ಮ ಮಗಳದ್ದಲ್ಲ ಎಂದಳು.

"ಗೊತ್ತು ಸಿಸ್ಟರ್," ಎಂದರು ಏಕನಾಥರು. "ನಾನು ಕಾಯಿಲೆ ಬಿದ್ದಾಗಿನಿಂದ ಇವಳು ನನ್ನ ಮುಖ ನೋಡಿ ಮಾತಾಡಿರಲಿಲ್ಲ. ನೀವು ಸಭೆಯಲ್ಲಿ ಹೇಳಿದ್ದು ತಿಳಿದ ದಿನ ಬಂದು ಪಕ್ಕದಲ್ಲಿ ಕೂತಳು."